ಬಕೆಟ್ಟಿಗೆ ಬಿದ್ದ ಮಾತು

ಮೊಬೈಲ್ ರಿಪೇರಿ ಅಂಗಡಿಯ ಕೌಂಟರಿನ ಗಾಜಿನಾಚೆ ನಿಂತಿದ್ದ ಹೆಂಗಸನ್ನು ಇಕ್ಕಳ ಒಮ್ಮೆ ನೋಡಿ, ಯಾರೋ ಗಿರಾಕಿ ಎಂದುಕೊಂಡು, ಮತ್ತೆ ಭೂತಗನ್ನಡಿಯತ್ತ ತಲೆ ತಗ್ಗಿಸಿದ. ಅರೆಕ್ಷಣ ಕಳೆದ ಮೇಲೆ ಮತ್ತೆ ತಲೆಯೆತ್ತಿದ. ಅದು ಅಮ್ಮ.

ಅಂಗಡಿ ತೆರೆದಂದಿನಿಂದ ಅಮ್ಮ ಇತ್ತ ಕಾಲಿಟ್ಟವಳಲ್ಲ. ಅಪ್ಪನಿಗೆ ಲಕ್ವಾ ಹೊಡೆದ ಮೇಲಂತೂ ಅವಳ ಪ್ರಪಂಚ ಮಂಚ, ಅಡುಗೆಮನೆ, ಬಚ್ಚಲು ಎಂಬ ಮೂರೇ ಊರಿಗೆ ಇಳಿದುಬಿಟ್ಟಿತ್ತು. ಅಂಥವಳು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಪ್ಪನದು ಮೆಟ್ಟಿಕೊಂಡು, ಎದೆಗೆ ಒಂದು ಸ್ಟೀಲ್ ಡಬ್ಬ ಅವುಚಿಕೊಂಡು ಹಾಡಹಗಲೇ ಬೀದಿಯಲ್ಲಿ ನಿಂತಿದ್ದಾಳೆಂದರೆ ಅದಕ್ಕೆ ಒಂದೇ ಅರ್ಥ. ಇಕ್ಕಳನ ಕೈಯಿಂದ ಚಿಮುಟ ಜಾರಿ ಮೇಜಿನ ಮೇಲೆ ಟಿಣ್ಣೆಂದಿತು.

"ಅಪ್ಪ?" ಎಂದ.

"ಮನೇಲಿದ್ದಾರೆ. ಪಕ್ಕದ ಮನೆಯಾಕೆ ಹತ್ರ ಕೂತಿದ್ದಾಳೆ," ಎಂದಳು ಅಮ್ಮ. "ಇದನ್ನ ಬದುಕಿಸಿಕೊಡು."

ಡಬ್ಬದ ಮುಚ್ಚಳ ತೆಗೆದರೆ ಒಳಗೆ ಅಕ್ಕಿ. ಅಕ್ಕಿಯಲ್ಲಿ ಕುತ್ತಿಗೆಯವರೆಗೆ ಹೂತುಹೋದ ಅವಳ ಮೊಬೈಲು. 'ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹಾಕಬೇಡಿ, ಫೋನೂ ಸರಿಯಾಗುವುದಿಲ್ಲ, ಅನ್ನವೂ ಆಗುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದವನು ಇಕ್ಕಳನೇ. ಅಮ್ಮ ಸರಿಯಾಗಿ ಅದರ ಕೆಳಗೇ ನಿಂತಿದ್ದಳು.

ಇಕ್ಕಳ ಎನ್ನುವುದು ಮನೆಯ ಹೆಸರು. ಹುಟ್ಟಿದ ದಿನ ಅಪ್ಪನ ಎಡಗೈ ಹೆಬ್ಬೆರಳು ಹಿಡಿದವನು ಬಿಡಲೇ ಇಲ್ಲವಂತೆ. ನಲ್ಲಿ ರಿಪೇರಿಯ ಅಪ್ಪನಿಗೆ ಆಗ ಹೊಳೆದದ್ದು ಅದೊಂದೇ. ಶಾಲೆಗೆ ಕೊಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಯಾರೂ ಬಳಸಿ ಸವೆಸಲಿಲ್ಲ. ಇಕ್ಕಳ ಬೆಳೆದು, ಅಪ್ಪನ ಕಸುಬಿಗೆ ಬೆನ್ನು ಹಾಕಿ, ನೀರು ಕಂಡರಾಗದ ಯಂತ್ರಗಳನ್ನೇ ಕಟ್ಟಿಕೊಂಡು ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದ. ವಾರದ ರಜೆಯ ದಿನ ಮನೆಗೆ ಹೋಗಿ ಉಂಡು ಬರುವುದು, ಅಷ್ಟೇ. ಎರಡು ದಿನದಿಂದ ಅಮ್ಮ ಫೋನು ಎತ್ತದಿದ್ದಾಗ ಚಾರ್ಜ್ ಮುಗಿದಿರಬೇಕು ಎಂದುಕೊಂಡು ಸುಮ್ಮನಾಗಿದ್ದ.

ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂದು ಗಿರಾಕಿಗಳನ್ನು ಕೇಳುವ ಹಾಗೆ ಕೇಳಿದ. ಬಚ್ಚಲ ಬಕೆಟ್ಟಿಗೆ, ಮೊನ್ನೆ ಬೆಳಿಗ್ಗೆ. ಒರೆಸಿ ಅಕ್ಕಿಗೆ ಹಾಕಿದ್ದಳು. ಇಷ್ಟು ಹೇಳಿ ಅಮ್ಮ, ಮಗು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, ನಿನ್ನೆ ಚಾರ್ಜಿಗೆ ಹಾಕಿದ್ದಾಗಿಯೂ, ಬೆನ್ನು ಬಿಸಿಯಾದಾಗ ಹೆದರಿ ಕಿತ್ತಿದ್ದಾಗಿಯೂ ಸೇರಿಸಿದಳು.

ಇಕ್ಕಳ ಕಣ್ಣು ಮುಚ್ಚಿಕೊಂಡ. ನೀರು ಫೋನನ್ನು ಕೊಲ್ಲುವುದಿಲ್ಲ. ನೀರಿರುವಾಗ ಕರೆಂಟು ಹರಿದರೆ ಅದು ಕೊಲ್ಲುತ್ತದೆ. ಇದನ್ನು ಅವನು ದಿನಕ್ಕೊಬ್ಬರಿಗಾದರೂ ಹೇಳುತ್ತಿದ್ದ, ಅಮ್ಮನಿಗೊಬ್ಬಳಿಗೆ ಹೇಳಿರಲಿಲ್ಲ. ಹೋದದ್ದು ಹೋಯಿತು, ಕಪಾಟಿನಲ್ಲಿ ಒಳ್ಳೆಯದೊಂದು ಇದೆ, ತಗೊಂಡು ಹೋಗು ಎಂದ.

ಅಮ್ಮ ಅಲುಗಲಿಲ್ಲ. ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿ ತನ್ನ ಒಡೆದ ಗಾಜಿನ ಫೋನು ತೆಗೆದುಕೊಂಡು ಹೊರಹೋಗುವವರೆಗೆ ಕಾದಳು. ಆಮೇಲೆ ಗಾಜಿನ ಮೇಲೆ ಬಾಗಿದಳು.

"ಅವರು ಮಾತಾಡಿದ್ರು," ಎಂದಳು.

ಲಕ್ವಾ ಹೊಡೆದು ಹೆಚ್ಚುಕಡಿಮೆ ವರ್ಷವಾಗಿತ್ತು. ಬಲಗೈ ಬಲಗಾಲು ಹೋಯಿತು, ಜೊತೆಗೆ ಮಾತೂ. ಉಳಿದದ್ದು ಒಂದೇ ಒಂದು ಪದ: ಹಾಗಲ್ಲ. ಅದು ಉಳಿದದ್ದರಲ್ಲಿ ಆಶ್ಚರ್ಯವೂ ಇರಲಿಲ್ಲ. ಅಪ್ಪ ಜೀವಮಾನವೆಲ್ಲ ಹೆಚ್ಚು ಬಳಸಿದ ಪದವೇ ಅದು. ಯಾರ ಮನೆಯ ಸಿಂಕಿನ ಕೆಳಗೆ ತೂರಿದರೂ ಮೊದಲು ಕೇಳಿಸುತ್ತಿದ್ದದ್ದು, ಹಾಗಲ್ಲ. ಮಗ ಸೈಕಲ್ಲು ಕಲಿತಾಗ, ಮಗಳು ಚಪಾತಿ ಲಟ್ಟಿಸಿದಾಗ, ಡಾಕ್ಟರು ರಕ್ತದೊತ್ತಡ ನೋಡುವಾಗ ಕೂಡ, ಹಾಗಲ್ಲ. ಈಗ ಹಸಿವಾದರೂ ಹಾಗಲ್ಲ, ಹೊಟ್ಟೆ ತುಂಬಿದರೂ ಹಾಗಲ್ಲ. ದನಿಯ ಏರಿಳಿತ ನೋಡಿ ಅಮ್ಮ ಅರ್ಥ ಮಾಡಿಕೊಳ್ಳುತ್ತಿದ್ದಳು. ಇಕ್ಕಳನಿಗೆ ಮಾತ್ರ ಎಲ್ಲವೂ ಒಂದೇ ಥರ, ತನ್ನನ್ನು ಬೈದ ಹಾಗೆಯೇ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬರಿದ್ದರು. ಮನೆಯಲ್ಲಿ ಅವರನ್ನು ಮಾತಿನ ಮೇಡಂ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಅಪ್ಪನನ್ನು ಮಾತಾಡಿಸಿ ರೆಕಾರ್ಡ್ ಮಾಡಿ ತರಬೇಕೆಂದು ಅವರ ಕಟ್ಟಪ್ಪಣೆ. ಕೆಂಪು ಚುಕ್ಕೆ ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ ಎಂದು ಇಕ್ಕಳನೇ ಅಮ್ಮನಿಗೆ ಕಲಿಸಿದ್ದ. ಸ್ನಾನದ ಹೊತ್ತಿಗೆ ಅಪ್ಪನ ಗಂಟಲು ಸ್ವಲ್ಪ ಸಡಿಲವಾಗುತ್ತದೆಂದು ಅಮ್ಮ ಬಚ್ಚಲಲ್ಲೇ ಪಾಠ ಮಾಡುತ್ತಿದ್ದಳು. ಆದರೆ ಕಳೆದ ಸಲ ಮೇಡಂ ಬೇಜಾರಿನಿಂದಲೇ ಹೇಳಿ ಕಳಿಸಿದ್ದರು: ಹೊಸದೊಂದು ಪದವಾದರೂ ಬರದಿದ್ದರೆ ಮುಂದಿನ ಭೇಟಿಗೆ ಚಿಕಿತ್ಸೆ ನಿಲ್ಲಿಸಿ, ಕಾಯುತ್ತಿರುವ ಬೇರೆಯವರಿಗೆ ಆ ಜಾಗ ಬಿಟ್ಟುಕೊಡಬೇಕಾಗುತ್ತದೆ. ಮುಂದಿನ ಭೇಟಿ ಸೋಮವಾರ.

"ಏನಂದ್ರು?" ಇಕ್ಕಳ ಕೇಳಿದ.

"ನೀನೇ ಕೇಳು," ಎಂದು ಅಮ್ಮ ತನ್ನ ಜೋಡಿಯಲ್ಲದ ಚಪ್ಪಲಿ ನೋಡಿಕೊಂಡಳು. "ಅದು ಕಿವಿಗೆ ಬಿದ್ದಾಗಲೇ ಫೋನು ಕೈಯಿಂದ ಬಿತ್ತು. ನಿಮ್ಮಕ್ಕನಿಗೆ ಪಕ್ಕದ ಮನೆ ಫೋನಿಂದ ಹೇಳಿದೆ. ನಿದ್ದೆಗೆಟ್ಟಿದ್ದೀಯ, ಏನೇನೋ ಕೇಳಿಸಿರಬೇಕು ಅಂದ್ಲು. ಆಮೇಲಿಂದ ಅವರ ಬಾಯಲ್ಲಿ ಮತ್ತೆ ಅದೇ ಹಾಗಲ್ಲ. ನಾನು ಯಾರಿಗೆ ಹೇಳಿದ್ರೂ ಯಾರು ನಂಬ್ತಾರೆ?"

"ಕೆಂಪು ಚುಕ್ಕೆ ಒತ್ತಿ ನಿಲ್ಲಿಸಿದ್ಯಾ?"

"ನೀರಿಂದ ಎತ್ತಿದಾಗ ಬೆಳಕಿತ್ತು. ಒತ್ತಿದೆ. ಒತ್ತಬೇಕು ಅಂತ ನೀನೇ ಹೇಳಿದ್ಯಲ್ಲ."

ಇಕ್ಕಳ ಬಾಗಿಲಿಗೆ 'ಸ್ವಲ್ಪ ಹೊತ್ತು ಇಲ್ಲ' ಎಂಬ ಫಲಕ ತೂಗಿಸಿ ಅಮ್ಮನಿಗೆ ಸ್ಟೂಲು ಹಾಕಿದ.

ಬೆನ್ನಿನ ಗಾಜನ್ನು ಬಿಸಿಗಾಳಿಗೆ ಹಿಡಿದು ಬಿಡಿಸಿದಾಗ ಒಳಗಿನಿಂದ ಎರಡು ಅಕ್ಕಿಕಾಳಿನ ಹುಡಿಯೂ ಒಂದು ಹನಿ ನೀರೂ ಬಂದವು. ಮೊದಲು ಬ್ಯಾಟರಿಯ ಸಂಪರ್ಕ ಕಿತ್ತ. ಬೋರ್ಡು ಹೊರತೆಗೆದು ಭೂತಗನ್ನಡಿಯ ಕೆಳಗಿಟ್ಟರೆ ಚಾರ್ಜ್ ಪಿನ್ನಿನ ಸುತ್ತ ಹಸಿರುಬಿಳಿ ಕಿಲುಬು ಹತ್ತಿತ್ತು, ಹಳೆಯ ನಲ್ಲಿಯ ಕುತ್ತಿಗೆಗೆ ಹತ್ತುವಂಥದ್ದೇ. ಸ್ಪಿರಿಟ್ಟಿನಲ್ಲಿ ಅದ್ದಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಅದ್ದಿ, ಮತ್ತೆ ಉಜ್ಜಿದ. ಕೊಳೆ ಅಲುಗಿಸಿ ಬಿಡಿಸಲು ಗಡಗಡ ನಡುಗುವ ಯಂತ್ರದ ತೊಟ್ಟಿಯಲ್ಲಿ ಮುಳುಗಿಸಿ ತೆಗೆದ. ಚೆನ್ನಾಗಿ ಒಣಗಿಸಿ ಕರೆಂಟು ಕೊಟ್ಟು ನೋಡಿದರೆ ಮೀಟರಿನ ಮುಳ್ಳು ಒಮ್ಮೆಲೇ ತುದಿಗೆ ಹಾರಿತು. ಒಳಗೆಲ್ಲೋ ಶಾರ್ಟ್ ಆಗಿದೆ. ಎಲ್ಲಿ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಅದಕ್ಕೊಂದು ಉಪಾಯವಿತ್ತು. ಬೋರ್ಡಿನ ಮೇಲೆ ತೆಳ್ಳಗೆ ಸ್ಪಿರಿಟ್ ಸವರಿ ಚೂರೇ ಚೂರು ಕರೆಂಟು ಬಿಡುವುದು. ಕೆಟ್ಟ ಜಾಗ ಬಿಸಿಯಾಗಿ, ಅಲ್ಲಿನ ಸ್ಪಿರಿಟ್ ಎಲ್ಲಕ್ಕಿಂತ ಮೊದಲು ಆರಿಹೋಗುತ್ತದೆ. ಇಕ್ಕಳ ನೋಡುತ್ತಿದ್ದುದನ್ನು ಅಮ್ಮನೂ ಅವನ ಭುಜದ ಮೇಲಿಂದ ನೋಡುತ್ತಿದ್ದಳು. ಏನು ಹುಡುಕುತ್ತಿದ್ದೀ ಎಂದು ಕೇಳಿದಳು. ಅವನು ವಿವರಿಸಿದ.

"ಸುಟ್ಟ ಜಾಗ ಎಷ್ಟು ಹೊತ್ತು ಸುಮ್ಮನಿರುತ್ತೆ ಅಮ್ಮ? ತಾನೇ ತೋರಿಸ್ಕೊಳ್ಳುತ್ತೆ," ಎಂದ.

ಅಮ್ಮ ಸ್ಟೂಲಿಗೆ ಹಿಂದಿರುಗಿ ಕೂತುಬಿಟ್ಟಳು. ಆಮೇಲೆ ಒಂದೂ ಪ್ರಶ್ನೆ ಕೇಳಲಿಲ್ಲ. ಇಕ್ಕಳ ಆಗ ಅದನ್ನು ಗಮನಿಸಲಿಲ್ಲ, ಏಕೆಂದರೆ ಸಾಸಿವೆಗಿಂತ ಸಣ್ಣದೊಂದು ತುಣುಕಿನ ಸುತ್ತ ಸ್ಪಿರಿಟ್ ಆರಿ ಬೋಳಾಗಿತ್ತು. ಅದನ್ನು ಬಿಸಿ ಮಾಡಿ ಚಿಮುಟದಿಂದ ಎತ್ತಿ ಎಸೆದ. ಅದಿಲ್ಲದೆಯೂ ಫೋನು ಬದುಕಬಲ್ಲದು. ಕೆಟ್ಟುಹೋದ ಸ್ಪೀಕರಿನ ಜಾಗಕ್ಕೆ ಯಾವುದೋ ಗುಜರಿ ಫೋನಿನ ಸ್ಪೀಕರು ಕೂರಿಸಿ, ಬ್ಯಾಟರಿ ಬದಲಿಸಿ, ಗುಂಡಿ ಒತ್ತಿದ.

ಕತ್ತಲು. ಕತ್ತಲು. ಆಮೇಲೆ ಬೆಳಕು. ರೆಕಾರ್ಡಿಂಗುಗಳ ಸಾಲಿನಲ್ಲಿ ಮೊನ್ನೆಯದು ಎಲ್ಲಕ್ಕಿಂತ ಮೇಲಿತ್ತು.

ಅವನು ಬೆರಳಿಡುವಷ್ಟರಲ್ಲಿ ಅಮ್ಮ ಅವನ ಮಣಿಕಟ್ಟು ಹಿಡಿದಳು. ಇಲ್ಲಿ ಬೇಡ, ಮನೆಯಲ್ಲಿ, ನಿಮ್ಮಕ್ಕನೂ ಇರಲಿ ಎಂದಳು.

ಅಕ್ಕ ಔಷಧಿ ಅಂಗಡಿಯ ಕೆಲಸ ಮುಗಿಸಿ ನೇರ ಅಮ್ಮನ ಮನೆಗೇ ಬಂದಳು. ನಿನ್ನ ಅಂಗಡಿಯಲ್ಲಿ ಸತ್ತ ಫೋನಿಗೆಲ್ಲ ಮರುಜನ್ಮ, ನಮ್ಮ ಅಂಗಡಿಯಲ್ಲಿ ಬರೀ ಗ್ಯಾಸಿಗೆ ಗುಳಿಗೆ ಎಂದು ತಮ್ಮನನ್ನು ಚುಚ್ಚಿದಳು. ಅಮ್ಮನ ಮಾತನ್ನು ನಂಬದಿದ್ದರೂ ಅವಳ ಕಣ್ಣಿನಲ್ಲೊಂದು ಆಸೆ ಇಣುಕುತ್ತಿದ್ದುದನ್ನು ಇಕ್ಕಳ ಕಂಡ. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಂಗಿಯಿಲ್ಲದೆ, ಬಲಭುಜದ ಮೇಲೆ ತೆಳ್ಳನೆಯ ಟವೆಲು ಹೊದ್ದು ಕೂತಿದ್ದ. ಸೆಕೆಗೆ ಇರಬೇಕು ಎಂದುಕೊಂಡ ಇಕ್ಕಳ. ಮಗನನ್ನು ಕಂಡು ಅಪ್ಪ ಹಾಗಲ್ಲ ಎಂದ. ಬಂದೆಯಾ ಎಂದಿರಬೇಕು.

ಮೇಜಿನ ಮೇಲೆ ಫೋನಿಟ್ಟು ಇಕ್ಕಳ ಬೆರಳು ಒತ್ತಿದ.

ಗುಜರಿ ಸ್ಪೀಕರು ಮೊದಲು ಗೊರಗೊರ ಎಂದಿತು. ಬಕೆಟ್ಟಿಗೆ ನೀರು ಬೀಳುವ ಸದ್ದು. ಅಮ್ಮನ ಪಾಠದ ದನಿ, ಚಿಕ್ಕಮಕ್ಕಳ ಮುಂದೆ ಆಡುವಂಥದ್ದು. ರೀ, ಇದೇನು ಹೇಳಿ. ಚೊಂಬು. ಚೊಂ, ಬು. ಅಪ್ಪ: ಹಾಗಲ್ಲ. ಅಮ್ಮ: ಹಾಗಲ್ಲ ಅಲ್ಲ ರೀ, ಚೊಂಬು. ಅಪ್ಪ: ಹಾಗಲ್ಲ. ಅಕ್ಕನಿಗೆ ನಗು ಬಂತು. ನಲ್ಲಿ ನಿಂತಿತು. ಚೊಂಬು ಬಕೆಟ್ಟಿಗೆ ತಾಗಿದ ಸದ್ದು, ನೀರು ಸುರಿದ ಸದ್ದು.

ಆಮೇಲೆ ಒಬ್ಬ ಗಂಡಸು ಕೂಗಿದ.

"ಅಯ್ಯೋ, ಸುಡ್ತಾ ಇದೆ! ತಣ್ಣೀರು ಬಿಡೇ, ತಣ್ಣೀರು!"

ಅಮ್ಮನ ಕಿರುಚಾಟ, ಗುಳುಂ ಎಂಬ ಸದ್ದು, ಮತ್ತೆ ಕಿವಿಗೆ ಹತ್ತಿ ತುರುಕಿದಂತೆ ನೀರಿನೊಳಗಿನ ಮೌನ. ಅಷ್ಟೇ.

ಅದು ಅಪ್ಪನದೇ ದನಿ. ತೊದಲಿಲ್ಲ, ತಡವರಿಕೆಯಿಲ್ಲ, ಮೇಲಿನ ಮಹಡಿಯಿಂದ ಕೆಳಗಿನವರಿಗೆ ನೀರು ಬಿಡಲು ಕೂಗುತ್ತಿದ್ದ ಅದೇ ಕಂಚಿನ ಗಂಟಲು. ವರ್ಷದಿಂದ ಸತ್ತುಹೋಗಿದೆ ಎಂದುಕೊಂಡಿದ್ದದ್ದು ಎಲ್ಲೋ ಒಳಗೆ ಇಡಿಯಾಗಿ ಕೂತಿತ್ತು. ಸಂತೋಷ ಎದ್ದು ಬರುವ ಮೊದಲೇ ಅದರ ಕಾಲಿಗೆ ಇನ್ನೊಂದು ಯೋಚನೆ ತೊಡರಿತು. ಸುಡ್ತಾ ಇದೆ.

ಅಕ್ಕ ಆಗಲೇ ಎದ್ದಿದ್ದಳು. ಅಪ್ಪನ ಭುಜದ ಟವೆಲನ್ನು ಎರಡು ಬೆರಳಿನಿಂದ ಎತ್ತಿದಳು. ಅಂಗೈಯಗಲ ಕೆಂಪು, ನಡುವೆ ಬೊಕ್ಕೆ, ಅದರ ಮೇಲೆ ಬಿಳಿ ಮುಲಾಮು. ಕಿಟಕಿಯ ಮೇಲಿದ್ದ ಮುಲಾಮಿನ ಕವರು ತಿರುಗಿಸಿ ನೋಡಿದಳು. ಅದು ಅವಳ ಅಂಗಡಿಯದಲ್ಲ, ಆಚೆ ಬೀದಿಯದು.

"ನನ್ನ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗಿದ್ಯಾ ಅಮ್ಮ," ಎಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು.

ಅಮ್ಮ ಎಡಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದ್ದೋ ಎಂಬಂತೆ ನೋಡುತ್ತಾ ಹೇಳಿದಳು. ದಿನಾ ಬಲಗೈಯಲ್ಲಿ ಚೊಂಬು ಹಿಡಿದು ಎಡಗೈ ಅದ್ದಿ ಹದ ನೋಡುತ್ತಾಳೆ. ಫೋನನ್ನು ಗೂಡಿನಲ್ಲಿ ಇಟ್ಟಿರುತ್ತಾಳೆ. ಕಳೆದ ಸಲ ಮೇಡಂ, ನೀರಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಬಾಯಿಯ ಹತ್ತಿರ ಹಿಡಿಯಿರಿ ಎಂದಿದ್ದರು. ಸೋಮವಾರದ ಹೆದರಿಕೆ ಬೇರೆ. ಮೊನ್ನೆ ಎಡಗೈಯಲ್ಲಿ ಫೋನಿತ್ತು. ಹದ ನೋಡುವ ಕೈ ಖಾಲಿ ಇರಲಿಲ್ಲ. ಬಿಸಿನೀರಿನ ನಲ್ಲಿಯೊಂದೇ ತಿರುಗಿಸಿದ್ದೆ ಎನ್ನುವುದು ಸುರಿದ ಮೇಲೆ ಗೊತ್ತಾಯಿತು. ಸುಡುವುದು ಗೊತ್ತಾಗದ ಬಲಗಡೆಯಲ್ಲೇ ನೀರು ನಿಂತಿದ್ದರೆ ಅವರು ಕೂಗುತ್ತಲೂ ಇರಲಿಲ್ಲ. ಬಿದ್ದದ್ದು ಬಲಭುಜಕ್ಕೆ, ಹರಿದದ್ದು ಕತ್ತಿನ ಎಡಕ್ಕೆ.

"ಅಪ್ಪ ಇನ್ನು ನಮ್ಮನೇಲಿರಲಿ," ಎಂದಳು ಅಕ್ಕ. "ನಿನ್ನ ಕೈಲಿ ಆಗ್ತಿಲ್ಲ ಅಮ್ಮ. ಆಗ್ತಿಲ್ಲ ಅನ್ನೋದು ತಪ್ಪಲ್ಲ. ಆದ್ರೆ ಮುಚ್ಚಿಟ್ಟಿದ್ದೀಯಲ್ಲ."

"ಮುಚ್ಚಿಡೋಳಾಗಿದ್ರೆ ಅಕ್ಕಿ ಡಬ್ಬ ಹೊತ್ಕೊಂಡು ಅವನ ಅಂಗಡಿಗೆ ಯಾಕೆ ಹೋಗ್ತಿದ್ದೆ?" ಎಂದಳು ಅಮ್ಮ.

ಅಷ್ಟರಲ್ಲಿ ಕಿಟಕಿಯ ಕಡೆಯಿಂದ, ಹಾಗಲ್ಲ, ಎಂದಿತು ಅಪ್ಪನ ದನಿ. ಅಗ್ಗದ ಪೈಪು ಹಾಕಿ ಮುಗಿಸು ಎಂದ ಗಿರಾಕಿಗಳಿಗೆ ಹೇಳುತ್ತಿದ್ದಂಥದ್ದು, ಮುಂದೆ ಚೌಕಾಸಿಯಿಲ್ಲ ಎನ್ನುವ ಹಾಗಲ್ಲ. ಎಡಗೈ ಮೇಲೆತ್ತಿ ಅಮ್ಮನ ಕಡೆ ತೋರಿಸಿ ಮತ್ತೊಮ್ಮೆ ಅದನ್ನೇ ಅಂದ. ಇಕ್ಕಳನಿಗೆ ಮೊದಲ ಸಲ ಆ ಪದ ಅಕ್ಷರಕ್ಕಕ್ಷರ ಅರ್ಥವಾಯಿತು. ಅಕ್ಕನಿಗೂ ಆಯಿತು. ಅವಳು ಟವೆಲನ್ನು ಹಿಂದಕ್ಕೆ ಹೊದಿಸಿ ಕೂತಳು.

ರೆಕಾರ್ಡಿಂಗನ್ನು ಮೇಡಂಗೆ ಕಳಿಸುವ ಮೊದಲು ಇಕ್ಕಳ ಒಂದು ಮಾತು ಹೇಳಿ ನೋಡಿದ. ತಣ್ಣೀರು ಬಿಡೇ ಎಂಬಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುವುದು ತನಗೆ ಚಿಟಿಕೆ ಹೊಡೆದಷ್ಟು ಸುಲಭ. ಅಮ್ಮ ಒಪ್ಪಲಿಲ್ಲ. ಇಡೀ ಕಳಿಸು, ನಾನು ಕಿರುಚಿದ್ದೂ ಇರಲಿ ಎಂದಳು.

ಮೇಡಂ ಸ್ವಲ್ಪ ಹೊತ್ತಿಗೆ ತಾವೇ ಫೋನು ಮಾಡಿದರು. ಮೊದಲು ಸುಟ್ಟ ಗಾಯವನ್ನು ನಾಳೆಯೇ ಡಾಕ್ಟರಿಗೆ ತೋರಿಸಲು ಹೇಳಿದರು. ಆಮೇಲೆ ಮಾತಿಗೆ ಬಂದರು. ಅದು ಅಪ್ಪಟ ಮಾತೇ, ಸಂಶಯವಿಲ್ಲ. ಆದರೆ ನೋವು, ಭಯ, ಸಿಟ್ಟು ಇಂಥವು ಕೆಲವೊಮ್ಮೆ ಇಡೀ ವಾಕ್ಯವನ್ನೇ ಒಳಗಿಂದ ಹೊರಗೆಸೆಯುತ್ತವೆ, ಮರುಕ್ಷಣ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ಸಲ ಬಂದದ್ದನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಸೋಮವಾರದೊಳಗೆ ಇನ್ನೊಂದೇ ಸಲ, ಯಾವ ಪದವಾದರೂ ಸರಿ, ಬಂದರೆ ಜಾಗ ಉಳಿಸಿಕೊಡಲು ತಾವು ಜಗಳ ಮಾಡಿಯಾದರೂ ನೋಡುವುದಾಗಿ ಹೇಳಿದರು.

ಇಕ್ಕಳ ಆ ದಿನ ಅಂಗಡಿಯ ಕೋಣೆಗೆ ಮರಳಲಿಲ್ಲ.

ಬೆಳಿಗ್ಗೆ ಅಪ್ಪನನ್ನು ಬಚ್ಚಲ ಸ್ಟೂಲಿನ ಮೇಲೆ ಕೂರಿಸಿದರು. ಭುಜಕ್ಕೆ ನೀರು ತಾಗದಂತೆ ಅಮ್ಮ ಒಣಬಟ್ಟೆ ಕಟ್ಟಿದ್ದಳು. ಕಾಲಿಗೆ, ಬೆನ್ನಿನ ಕೆಳಗೆ ಮಾತ್ರ ನೀರು. ಫೋನು ಹಿಡಿಯುವ ಕೆಲಸ ಇಕ್ಕಳನದು. ಹೊಸ ಅಂಟು ಹಾಕಿ ಬಿಗಿಮಾಡಿದ್ದ ಫೋನಿನ ಕೆಂಪು ಚುಕ್ಕೆ ಒತ್ತಿ ಅಪ್ಪನ ಬಾಯಿಯ ಹತ್ತಿರ ಹಿಡಿದ. ಗೋಡೆಯಲ್ಲಿ ಅಪ್ಪ ತಾನೇ ಕೂರಿಸಿದ್ದ ಎರಡು ನಲ್ಲಿಗಳು ಪಕ್ಕಪಕ್ಕ ಇದ್ದವು, ಒಂದಕ್ಕೆ ನೀಲಿ ಗುರುತು, ಒಂದಕ್ಕೆ ಕೆಂಪು.

ಅಮ್ಮ ಎಡಗೈ ಅದ್ದಿ ನೋಡಿದಳು. ಹದವಾಗಿತ್ತು.

ರೀ, ಇದೇನು ಹೇಳಿ. ಚೊಂಬು.

ಹಾಗಲ್ಲ.

ಇದು ನೀರು. ನೀ, ರು.

ಹಾಗಲ್ಲ.

ಕಾಲ ಮೇಲೆ ಒಂದು ಚೊಂಬು ಸುರಿದಳು. ಇನ್ನೊಂದು. ಅಪ್ಪನಿಗೆ ಹಿತವಾಗಿರಬೇಕು, ಕಣ್ಣು ಅರೆಮುಚ್ಚಿದ್ದ. ಫೋನಿನ ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಹರಿಯುತ್ತಿತ್ತು. ಹದವಾದ ನೀರಿನ ಬಗ್ಗೆ ಯಾರಿಗಾದರೂ ಹೇಳಲು ಏನಿರುತ್ತದೆ ಎಂದು ಇಕ್ಕಳನಿಗೆ ಅನಿಸಿತು. ಮೂರು ದಿನದ ಹಿಂದೆ ಇದೇ ಜಾಗದಲ್ಲಿ, ಇದೇ ಬಾಯಿಂದ, ಒಂದಿಡೀ ವಾಕ್ಯ ಹೊರಬಿದ್ದಿತ್ತು. ಸ್ವಲ್ಪ. ಸುಡುವಷ್ಟಲ್ಲ, ಚುರುಕು ಮುಟ್ಟಿಸುವಷ್ಟು.

ಅಂಗೈಗೆ ಬಿಸಿ ತಾಗಿತು. ನೋಡಿದರೆ ಅವನ ಬಿಡುವಾಗಿದ್ದ ಕೈ ಕೆಂಪು ಗುರುತಿನ ನಲ್ಲಿಯ ಮೇಲಿತ್ತು.

ಅದು ಯಾವಾಗ ಅಲ್ಲಿಗೆ ಹೋಯಿತೋ ಅವನಿಗೆ ತಿಳಿಯದು. ಹಿಂದಕ್ಕೆ ಎಳೆದುಕೊಳ್ಳಬೇಕು ಎಂದುಕೊಂಡ, ಕೈ ಕೇಳಲಿಲ್ಲ. ತಲೆಯೆತ್ತಿದ. ಅಮ್ಮ ಅವನ ಮುಖ ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದಳು.

"ನಂಗೂ ಅನ್ಸಿತ್ತು," ಎಂದಳು ಮೆಲ್ಲಗೆ. "ಮೂರು ದಿನದಿಂದ ಅದೇ ಅನ್ಸುತ್ತೆ."

ಚೊಂಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮನೂ ಮಗನೂ ಒಬ್ಬರನ್ನೊಬ್ಬರು ಹೊಸಬರಂತೆ ನೋಡಿಕೊಂಡರು.

ಆಗ ಇಕ್ಕಳನ ಕೈಯ ಮೇಲೆ ಮೂರನೆಯದೊಂದು ಕೈ ಬಂತು. ಒದ್ದೆಯಾಗಿ, ಒರಟಾಗಿ, ಜೀವಮಾನವಿಡೀ ಪೈಪು ತಿರುಗಿಸಿದ ಬಲದಿಂದ. ಅಪ್ಪನ ಎಡಗೈ. ಹೆಬ್ಬೆರಳು ಮಗನ ಬೆರಳುಗಳ ಮೇಲೆ ಒತ್ತಿ ಕೂತು, ಅವನ ಕೈ ಸಮೇತ ನಲ್ಲಿಯನ್ನು ಬಲಕ್ಕೆ ತಿರುಗಿಸಿತು. ಅದು ಮುಚ್ಚಿಯೇ ಇತ್ತು. ಆದರೂ ಇನ್ನಷ್ಟು, ಇನ್ನೊಂದು ಎಳೆಯಷ್ಟು, ಒಂದು ಹನಿಯೂ ಸೋರದ ಹಾಗೆ ಬಿಗಿದ.

"ಹಾಗಲ್ಲ," ಎಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳುವಂತಿತ್ತು.

ಹೆಬ್ಬೆರಳು ತೆಗೆಯಲಿಲ್ಲ. ಇಕ್ಕಳನೂ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಕೆಂಪು ಚುಕ್ಕೆ ಒತ್ತಿ ನಿಲ್ಲಿಸಬೇಕೆಂಬುದನ್ನು ಕಲಿಸಿದವನೇ ಮರೆತಿದ್ದ.